ಗಾಲಿಯ ಹೊಳಪು

ಕನ್ನಡ ಅಧ್ಯಾಪಕನಿಗೆ ಅಲಂಕಾರದಲ್ಲಿ ಆಸಕ್ತಿಯಿರುವುದು ಸಹಜ. ಆದರೆ ನನ್ನ ಆಸಕ್ತಿ ಉಪಮೆ ರೂಪಕಗಳನ್ನು ದಾಟಿ ಮೋಟಾರ್ ಸೈಕಲ್ಲಿನ ಗಾಲಿಗೆ ಇಳಿದಾಗ ಮನೆಯಾಕೆ ನಕ್ಕಳು. "ನಲವತ್ತಾರರ ವಯಸ್ಸಿನಲ್ಲಿ ಇದೇನು ಶೋಕಿ?" ಎಂದಳು. ಶೋಕಿಯೆಂದೇ ಒಪ್ಪಿಕೊಂಡೆ, ನಿಜವಾದ ಕಾರಣ ಹೇಳುವುದು ಕಷ್ಟವಿತ್ತು.

ಗಾಡಿ ನನ್ನದಲ್ಲ, ತಂದೆಯವರದು. 1984ರಲ್ಲಿ ಕೊಂಡ ಯೆಜ್ಡಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಜಾವಾ ಗಾಡಿಗಳನ್ನು ಕಟ್ಟಲು ತೊಡಗಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿ ಮಾತ್ರ ಇನ್ನೂ ಓಡುತ್ತಿದೆ. ತಂದೆಯವರಿಗೆ ಕರಾವಳಿಗೆ ವರ್ಗವಾದಾಗ ಅದೂ ಜೊತೆಗೆ ಹೋಯಿತು. ಐದು ವರ್ಷದ ಉಪ್ಪುಗಾಳಿ ರಿಮ್ಮಿನ ಕ್ರೋಮನ್ನು ತಿಂದುಹಾಕಿತು. ಅವರು ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ ಬೆಳ್ಳಿಬಣ್ಣ ಬಳಿದರು. ಆ ಮಂಕು ಗಾಲಿಗಳೆಂದರೆ ನನಗೆ ನಾಚಿಕೆ. ಕಾಲೇಜಿಗೆ ಬಿಡಲು ಬಂದರೆ ತಿರುವಿನಲ್ಲೇ ಇಳಿದುಬಿಡುತ್ತಿದ್ದೆ.

ಹೋದ ವರ್ಷ ಅಮ್ಮ ಏನೋ ಮಾತಿಗೆ ಹೇಳಿದರು: ಹೊಸ ಕ್ರೋಮ್ ರಿಮ್ಮಿಗೆಂದು ಅಪ್ಪ ಕೂಡಿಟ್ಟಿದ್ದ ಹಣವೇ 2000ದಲ್ಲಿ ಮಾನಸಗಂಗೋತ್ರಿಯಲ್ಲಿ ನನ್ನ ಎಂ.ಎ. ಶುಲ್ಕವಾಯಿತಂತೆ.

ಮರುದಿನವೇ ಗ್ಯಾರೇಜಿಗೆ ಹೋದೆ. ಹಳೆಯ ರಿಮ್ಮಿಗೇ ಕ್ರೋಮ್ ಹಾಕಿಸಬಹುದೇ ಎಂದು ಕೇಳಿದೆ. ಮೇಸ್ತ್ರಿ ಸ್ಪೋಕಿನ ತೂತಿನ ಬಳಿ ಬೆರಳಿಟ್ಟು, "ಇಲ್ಲೆಲ್ಲ ತುಕ್ಕು ಇಳಿದಿದೆ ಸಾರ್. ಉಜ್ಜಿದರೆ ತಗಡು ಉಳಿಯೋಲ್ಲ. ಹಬ್ಬು ಅದೇ ಇರಲಿ, ರಿಮ್ಮು, ಸ್ಪೋಕು ಹೊಸದು ಹಾಕೋಣ" ಎಂದ. ಆಮೇಲೆ ಒಂದು ಎಚ್ಚರಿಕೆಯನ್ನೂ ಕೊಟ್ಟ: "ಹೊಳಪು ನೋಡಿ ಕೊಳ್ಳಬೇಡಿ. ಕ್ರೋಮ್ ಅನ್ನೋದು ಮೇಲಿನ ಪೊರೆ ಅಷ್ಟೆ. ತುಕ್ಕು ತಡೆಯೋದು ಅದರ ಕೆಳಗಿನ ನಿಕ್ಕಲ್ಲು. ಅದು ತೆಳುವಾಗಿದ್ದರೆ ಎರಡು ಮಳೆಗಾಲಕ್ಕೆ ಮುಗೀತು."

ಆ ಕ್ರೋಮಿನ ಪೊರೆ ಸಾಮಾನ್ಯವಾಗಿ ಒಂದು ಮೈಕ್ರಾನಿಗೂ ಕಡಿಮೆ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲೂ ಇಲ್ಲ. ನಿಕ್ಕಲ್ಲು ಅದರ ಹತ್ತಾರು ಪಟ್ಟು ದಪ್ಪ. ದುಡಿಮೆ ಅದರದು, ಹೆಸರು ಮಾತ್ರ ಕ್ರೋಮಿನದು. ಇಪ್ಪತ್ತು ವರ್ಷ ತರಗತಿಯಲ್ಲಿ ಅಲಂಕಾರಶಾಸ್ತ್ರ ಹೇಳಿದವನಿಗೆ ಗ್ಯಾರೇಜಿನಲ್ಲಿ ಪಾಠವಾಯಿತು.

ಗಾಡಿ ಮನೆಗೆ ಬಂದ ದಿನ ಬೀದಿಯ ಮಕ್ಕಳೆಲ್ಲ ಗಾಲಿಯಲ್ಲಿ ಮುಖ ನೋಡಿಕೊಂಡರು. ಅಪ್ಪ ಹೊಳಪಿನ ಮಾತೇ ಎತ್ತಲಿಲ್ಲ. ಸ್ಟ್ಯಾಂಡು ಹಾಕಿಸಿ, ಹಿಂದಿನ ಗಾಲಿಯನ್ನು ತಿರುಗಿಸಿ, ರಿಮ್ಮಿನ ಅಂಚಿಗೆ ಸೀಸದಕಡ್ಡಿ ಹಿಡಿದು ಅಡ್ಡಾಡುತ್ತದೆಯೇ ಎಂದು ಕಣ್ಣು ಕಿರಿದಾಗಿಸಿ ನೋಡಿದರು. "ಬೆಂಡು ಚೆನ್ನಾಗಿ ತೆಗೆದಿದ್ದಾನೆ" ಎಂದರು.

ನಾನು ಧೈರ್ಯ ಮಾಡಿ, "ಅಪ್ಪ, ಅವತ್ತಿನ ಆ ಹಣ..." ಎಂದೆ.

"ಯಾವ ಹಣ?" ಎಂದವರು ಕೈ ತೊಳೆಯಲು ಒಳಗೆ ಹೋದರು.

ಮರುದಿನ ಪಿಂಚಣಿಗೆಂದು ಅವರನ್ನು ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಹೊರಟೆ. ಬ್ಯಾಂಕು ಕಾಣುತ್ತಲೇ ಹೆಗಲ ಮೇಲೆ ಕೈಯಿಟ್ಟು, "ತಿರುವಿನಲ್ಲೇ ಇಳಿಸಿಬಿಡಪ್ಪ" ಎಂದರು. ನಗುತ್ತಿದ್ದರೋ ಏನೋ, ಹಿಂದೆ ಕುಳಿತವರ ಮುಖ ನನಗೆ ಕಾಣಲಿಲ್ಲ.

ಗಾಡಿ ನಿಲ್ಲಿಸಿದ್ದು ಬ್ಯಾಂಕಿನ ಬಾಗಿಲಲ್ಲೇ.