ನಾಲ್ವರ ಆಟ

2024ರ ನವೆಂಬರ್ ತಿಂಗಳಲ್ಲಿ ಅಮೆರಿಕೆಯ ಸಿಯಾಟಲ್ ಸಮೀಪವಿರುವ ಮಗನ ಮನೆಗೆ ಹೋಗಿದ್ದೆ. ಹೊರಗೆ ಕಾಲಿಡಲು ಬಿಡದ ಜಡಿಮಳೆ. ಒಂದು ಸಂಜೆ ಮೊಮ್ಮಕ್ಕಳಿಬ್ಬರೂ ನೆರೆಮನೆಯ ಹುಡುಗನೂ ಊಟದ ಮೇಜಿನ ಸುತ್ತ ಕುಳಿತು, "ಅಜ್ಜಾ, ಆಟಕ್ಕೆ ನಾಲ್ಕನೆಯವರು ಬೇಕು, ಬನ್ನಿ" ಎಂದು ಕರೆದರು. ಇಸ್ಪೀಟು ಎಂದರೆ ಮೂಗು ಮುರಿಯುವ ಮನೆಯಲ್ಲಿ ಬೆಳೆದವನು ನಾನು. ಆದರೆ ಮೇಜಿನ ಮೇಲಿದ್ದುದು ರಾಜ-ರಾಣಿಯರ ಎಲೆಗಳಲ್ಲ. ದೈತ್ಯರು, ಮಾಂತ್ರಿಕರು, ರೆಕ್ಕೆಯ ಸರ್ಪಗಳು.

ಆಟದ ಹೆಸರು 'ಮ್ಯಾಜಿಕ್: ದ ಗ್ಯಾದರಿಂಗ್'. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಇದು 1993ರಲ್ಲಿ ಹೊರಬಂತು. ಎಲೆಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಹೊಂದಿಸಿಕೊಳ್ಳಬೇಕು. ಮಕ್ಕಳು ಆಡುತ್ತಿದ್ದುದು ಅದರಲ್ಲಿ 'ಕಮಾಂಡರ್' ಎಂಬ ಬಗೆ. ಸಾಮಾನ್ಯವಾಗಿ ನಾಲ್ವರು ಆಡುತ್ತಾರೆ. ನಾಯಕನ ಎಲೆಯೂ ಸೇರಿ ಒಬ್ಬೊಬ್ಬರಿಗೆ 100 ಎಲೆ; ಶಕ್ತಿ ಕೊಡುವ ನೆಲದ ಮೂಲ ಎಲೆಗಳ ಹೊರತು ಯಾವುದೂ ಎರಡು ಸಲ ಇರುವಂತಿಲ್ಲ. ಪ್ರತಿಯೊಬ್ಬನ ಪ್ರಾಣ 40 ಅಂಕ. ಕೊನೆಗೆ ಉಳಿದವನು ಗೆದ್ದವನು.

ಮೊಮ್ಮಗನದು ನುಗ್ಗುವ ಕಟ್ಟು. ಸಣ್ಣ ಸಣ್ಣ ಕೆಂಪು ಪಿಶಾಚಿಗಳ ದಂಡು ಮೊದಲ ಸುತ್ತುಗಳಲ್ಲೇ ಮೇಲೆ ಬೀಳುತ್ತಿತ್ತು. ಇಬ್ಬರ ಆಟದಲ್ಲಾದರೆ ಇದು ಭಯಂಕರ. ಪ್ರಾಣ 20, ಎದುರಾಳಿ ಒಬ್ಬನೇ. ಇಲ್ಲಿ ಮೂವರನ್ನು ಉರುಳಿಸಲು 120 ಅಂಕ ಬೇಕು. ಅಷ್ಟರೊಳಗೆ ಕೈ ಬರಿದಾಗುತ್ತದೆ, ಪೆಟ್ಟು ತಿಂದವರೆಲ್ಲ ಒಂದಾಗುತ್ತಾರೆ.

ಮೊಮ್ಮಗಳದು ತಡೆಯುವ ಕಟ್ಟು. ಯಾರೇ ದೊಡ್ಡ ಎಲೆ ಇಳಿಸಿದರೂ ನೀಲಿ ಎಲೆಯೊಂದನ್ನು ಎಸೆದು ರದ್ದು ಮಾಡುವಳು. ಇದರ ಲೆಕ್ಕವನ್ನು ನನ್ನ ಪಕ್ಕ ಕುಳಿತ ಮಗ ಬಿಡಿಸಿ ಹೇಳಿದ: "ತಡೆದವಳದೂ ಒಂದು ಎಲೆ ಹೋಯಿತು, ತಡೆಸಿಕೊಂಡವನದೂ ಒಂದು ಹೋಯಿತು. ಲಾಭ ಯಾರಿಗಪ್ಪಾ? ಸುಮ್ಮನೆ ನೋಡುತ್ತಿದ್ದ ಇನ್ನಿಬ್ಬರಿಗೆ."

ನೆರೆಯ ಹುಡುಗನದು ಹೊಂದಿಸುವ ಕಟ್ಟು. ತಕ್ಕ ಎರಡು ಮೂರು ಎಲೆಗಳು ಕೂಡಿದರೆ ಒಂದೇ ಏಟಿಗೆ ಎಲ್ಲರ ಕಥೆ ಮುಗಿಯುತ್ತದೆ. ಆದರೆ ಒಂದು ಎಲೆ ಕಂಡೊಡನೆ ಉಳಿದವರು ಎಚ್ಚೆತ್ತು ಅವನ ಮೇಲೆ ಬಿದ್ದರು.

ಮಗ ನನಗೆ ಕೊಟ್ಟದ್ದು ಬೇಲಿ ಕಟ್ಟುವ ಕಟ್ಟು. ಯಾರ ಮೇಲೂ ಹೋಗುವುದಿಲ್ಲ. ನನ್ನ ಮೇಲೆ ಬರುವುದನ್ನು ದುಬಾರಿ ಮಾಡಿಟ್ಟು, ನೆಲದ ಎಲೆಗಳನ್ನು ಹರಡುತ್ತಾ ಕಾಯುವುದು. ಒಮ್ಮೆ ಮಾತ್ರ, ಮೊಮ್ಮಗನ ದೈತ್ಯನೊಬ್ಬ ನನ್ನತ್ತ ಬಂದಾಗ, ಮಗ ತೋರಿಸಿದ ಬಿಳಿ ಎಲೆಯನ್ನು ಇಳಿಸಿದೆ. ಹೆಸರು 'ಸ್ವೋರ್ಡ್ಸ್ ಟು ಪ್ಲೌಶೇರ್ಸ್'. ಕತ್ತಿ ನೇಗಿಲ ಗುಳವಾಗುವ ಯೆಶಾಯನ ಪ್ರವಾದನೆ ಈ ಮೇಜಿನ ಮೇಲೆ ಎದುರಾದೀತೆಂದು ಯಾರು ಎಣಿಸಿದ್ದರು? ದೈತ್ಯ ಕಣದಿಂದ ಹೊರನಡೆದ; ಆದರೆ ಅವನ ಬಲ ಎಷ್ಟಿತ್ತೋ ಅಷ್ಟು ಪ್ರಾಣ ಅವನ ಒಡೆಯನಿಗೇ ಸೇರಿತು.

ಎರಡು ಗಂಟೆ ಕಳೆಯಿತು. ಮೂವರೂ ಪರಸ್ಪರ ಬಡಿದಾಡಿ ಬಳಲಿದರು. ಬೇಲಿಯ ಹಿಂದೆ ಬೆಳೆದಿದ್ದ ನನ್ನ ಸೈನ್ಯ ಕೊನೆಯ ಸುತ್ತುಗಳಲ್ಲಿ ಹೊರಟಿತು. ನಾನು ಗೆದ್ದೆ! ಮೊಮ್ಮಗ ಚಪ್ಪಾಳೆ ತಟ್ಟಿ, "ಅಜ್ಜಾ, ನೀವೇ ಜಾಣರು. ಯಾರೂ ನಿಮ್ಮ ಕಡೆ ನೋಡಲೇ ಇಲ್ಲ" ಎಂದ.

ಎಲ್ಲರೊಡನೆ ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೂವತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ನಾಲ್ವರು ಕುಳಿತಿದ್ದೆವು: ಅಣ್ಣಂದಿರಿಬ್ಬರು, ಅಕ್ಕ, ನಾನು. ನಡುವೆ ಇದ್ದುದು ಅಪ್ಪನ ತೋಟ. ದೊಡ್ಡಣ್ಣ ನುಗ್ಗಿ ಮಾತಾಡಿದ. ಚಿಕ್ಕಣ್ಣ ಅವನ ಪ್ರತಿ ಮಾತಿಗೂ ಅಡ್ಡಗಾಲು ಹಾಕಿದ. ಅಕ್ಕ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿದ್ದಳು. ಅದು ಬಯಲಾದೊಡನೆ ಇಬ್ಬರೂ ಅವಳ ಮೇಲೆ ತಿರುಗಿಬಿದ್ದರು. ನಾನು ತುಟಿ ಬಿಚ್ಚಲಿಲ್ಲ. ಕೊನೆಗೆ ದಣಿದವರು, "ಜಗಳವಾಡದವನು ಇವನೊಬ್ಬನೇ" ಎಂದು ಬಾವಿಯಿದ್ದ ಭಾಗವನ್ನು ನನಗೆ ಬಿಟ್ಟರು. ಆ ಬಾವಿಯ ಬೆಲೆ ನನಗೆ ಮೊದಲೇ ತಿಳಿದಿತ್ತು. ನನ್ನದು ಸಾಧುತನವೆಂದು ಊರು ಹೊಗಳಿತು, ನಾನೂ ನಂಬಿದೆ. ಆಮೇಲಿನ ಬೇಸಿಗೆಗಳಲ್ಲಿ ದೊಡ್ಡಣ್ಣನ ಅಡಿಕೆ ಒಣಗುತ್ತಿದ್ದುದನ್ನು ಬೇಲಿಯ ಈಚೆಯಿಂದ ನೋಡಿದ್ದೇನೆ.

ಮೌನವೂ ಒಂದು ದಾಳವಾಗಬಲ್ಲದು. ಆಟದಲ್ಲಿ ಅದು ತಪ್ಪಲ್ಲ. ಎಲೆಗಳನ್ನು ಕಲಸಿದರೆ ನಾಲ್ವರಿಗೂ ಮತ್ತೆ 40 ಪ್ರಾಣ. ತೋಟವನ್ನು ಹಾಗೆ ಕಲಸಿ ಮತ್ತೆ ಹಂಚಲಾಗದು. ಆದರೂ ನನ್ನ ಕೈಯಲ್ಲಿ ಆಡದೆ ಉಳಿದ ಎಲೆಯೊಂದಿತ್ತಲ್ಲವೇ?

ಬೆಳಗಾಗುವುದನ್ನು ಕಾಯದೆ ಊರಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ. "ದೊಡ್ಡಣ್ಣಾ, ಈ ಬೇಸಿಗೆಯಿಂದ ಬಾವಿಯ ನೀರು ನಿನ್ನ ತೋಟಕ್ಕೂ ಹರಿಯಲಿ. ಪೈಪಿನ ಖರ್ಚು ನನ್ನದು. ಇದನ್ನು ನಾನು ಅಂದೇ ಹೇಳಬೇಕಿತ್ತು" ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವನು ಕೇಳಿದ್ದು ಇಷ್ಟೇ: "ನೀನು ಬರುವುದು ಯಾವಾಗ?"