ನೀರೊಳಗಿನ ತೋಟ

ಗಿಡ ಬೆಳೆಯಲು ಮಣ್ಣು, ನೀರು, ಬೆಳಕು ಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಗಿಡವನ್ನೇ ನೀರಿನಲ್ಲಿ ಮುಳುಗಿಸಿ ಸಾಕುವುದು ನಮ್ಮ ಕಾಸರಗೋಡಿನ ಕೃಷಿಕರ ಮನೆಯ ಮಕ್ಕಳಿಗೂ ಹೊಸ ಪಾಠವೇ. ವಿಜ್ಞಾನ ಕೊಠಡಿಯ ಮೀನಿನ ತೊಟ್ಟಿಯಲ್ಲಿ ರೋಟಾಲಾ ಎಂಬ ಜಲಸಸ್ಯವನ್ನು ಬೆಳೆಸತೊಡಗಿದ ಮೇಲೆ ಈ ಪಾಠವನ್ನು ಮಕ್ಕಳೊಂದಿಗೆ ನಾವೂ ಕಲಿಯುತ್ತಿದ್ದೇವೆ. ಕನ್ನಡ ಕಲಿಸುವವರಿಗೆ ಪಾಚಿ, ಮೀನುಗಳ ಗೊಡವೆ ಏಕೆಂದು ಸ್ನೇಹಿತರು ಕೇಳುವುದುಂಟು. ಕಂಡದ್ದನ್ನು ಕನ್ನಡದಲ್ಲಿ ಸರಿಯಾಗಿ ಹೇಳಲು ಕಲಿಸುವುದೂ ನಮ್ಮ ಕೆಲಸವೇ ಅಲ್ಲವೇ?

ನಾವು ತಂದದ್ದು ರೋಟಾಲಾ ರೊಟುಂಡಿಫೋಲಿಯಾ. ಹೆಸರಿನ ಅರ್ಥ 'ದುಂಡೆಲೆಯದು' ಎಂದು. ಇದು ಭಾರತವೂ ಸೇರಿದಂತೆ ಏಷ್ಯದ ಜೌಗುನೆಲಗಳ ಸಸ್ಯ. ನೀರಿನ ಹೊರಗೆ ಬೆಳೆದಾಗ ಎಲೆ ದುಂಡಗಿರುತ್ತದೆ. ಮುಳುಗಿ ಬೆಳೆದರೆ ಸಪುರವಾಗುತ್ತದೆ. ಅಂಗಡಿಯಿಂದ ತಂದ ಗಿಡದ ದುಂಡೆಲೆಗಳು ತೊಟ್ಟಿಯಲ್ಲಿ ಒಂದೊಂದಾಗಿ ಕರಗತೊಡಗಿದಾಗ ಮಕ್ಕಳು ಕಂಗಾಲಾದರು. "ಸತ್ತುಹೋಯಿತು ಸಾರ್, ಕಿತ್ತು ಬಿಸಾಡುವ" ಎಂದರು ಕೆಲವರು. "ತುದಿ ಹಸಿರಾಗಿಯೇ ಇದೆ" ಎಂದಳು ಎಂಟನೆಯ ತರಗತಿಯ ಒಬ್ಬಳು. ಅವಳ ಮಾತೇ ನಿಂತಿತು. ಕೆಲವು ವಾರಗಳಲ್ಲಿ ತುದಿಯಿಂದ ಸಪುರ ಎಲೆಗಳು ಹೊರಟವು. ಹೊಸ ನೀರಿಗೆ ಒಗ್ಗಲು ಗಿಡಕ್ಕೂ ಸಮಯ ಬೇಕು. ಹೊಸ ಶಾಲೆಗೆ ಬಂದ ಮಕ್ಕಳಿಗೂ ಅಷ್ಟೇ.

ನೆಡುವ ಕ್ರಮ ಕಷ್ಟದ್ದಲ್ಲ. ಒಳ್ಳೆಮೆಣಸಿನ ಬಳ್ಳಿಯನ್ನು ಗೆಣ್ಣು ನೋಡಿ ತುಂಡರಿಸಿ ನೆಡುವುದನ್ನು ಕಂಡವರಿಗೆ ಇದು ಕೂಡಲೇ ತಿಳಿಯುತ್ತದೆ. ಸುಮಾರು 10 ಸೆಂಟಿಮೀಟರ್ ಉದ್ದದ ಕುಡಿಯನ್ನು ಕತ್ತರಿಸಿ, ಕೆಳಗಿನ ಎರಡು ಗೆಣ್ಣುಗಳ ಎಲೆ ತೆಗೆದು, ಆ ಭಾಗವನ್ನು ಸಣ್ಣ ಜಲ್ಲಿಯೊಳಗೆ ಊರಬೇಕು. ಬೇರು ಬರುವುದು ಗೆಣ್ಣಿನಿಂದಲೇ. ಕಟ್ಟು ಕಟ್ಟಾಗಿ ನೆಟ್ಟರೆ ಬುಡಕ್ಕೆ ಬೆಳಕು ಸಿಗದೆ ಕೊಳೆಯುತ್ತದೆ. ಆದ್ದರಿಂದ ಒಂದೊಂದನ್ನೇ ಬೆರಳಿನಷ್ಟು ಅಂತರ ಬಿಟ್ಟು ನೆಡಬೇಕು. ದಿನಕ್ಕೆ ಎಂಟು ಗಂಟೆ ದೀಪದ ಬೆಳಕು ಸಾಕು. ತೊಟ್ಟಿಯನ್ನು ಬಿಸಿಲಿಗೆ ಇಟ್ಟರೆ ಗಾಜಿನ ತುಂಬ ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುತ್ತೇವೆ. ಮೀನಿನ ಮಲದಿಂದ ನೀರಿಗೆ ಸೇರುವ ಸಾರವನ್ನು ಗಿಡ ಹೀರಿಕೊಳ್ಳುತ್ತದೆ. ಹಗಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ. ಎಲೆಯ ಮೇಲೆ ಮುತ್ತಿನಂಥ ಗುಳ್ಳೆ ಕಂಡಾಗ ದ್ಯುತಿಸಂಶ್ಲೇಷಣೆ ಎಂಬ ದೊಡ್ಡ ಪದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗಿಡ ನೀರಿನ ಮೇಲ್ಮೈಗೆ ತಲುಪಿದಾಗ ಕತ್ತರಿಸಬೇಕು. ಕತ್ತರಿಸಿದಲ್ಲಿಂದ ಕವಲುಗಳು ಒಡೆದು ಗಿಡ ಪೊದೆಯಾಗುತ್ತದೆ. ಹೀಗೆ ಕತ್ತರಿಸಿದ ಒಂದು ಹಿಡಿ ಕುಡಿಗಳನ್ನು ಹಿಡಿದು ಒಬ್ಬ ಹುಡುಗ, "ಇದನ್ನು ತೋಡಿಗೆ ಹಾಕುವನೇ ಸಾರ್? ತೋಡು ಚಂದ ಆಗ್ತದೆ" ಎಂದ. ಬೇಡವೆಂದೆವು. "ಇದು ನಮ್ಮ ದೇಶದ್ದೇ ಗಿಡ ಅಲ್ವಾ?" ಎಂದು ಅವನು ಬಿಡಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂಗಡಿಯ ಗಿಡದೊಂದಿಗೆ ಬಸವನಹುಳದ ಮೊಟ್ಟೆಯೋ ಬೇರೆ ಕಳೆಯ ಚೂರೋ ಅಂಟಿಕೊಂಡು ಬಂದಿರಬಹುದು.

2020ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ನೀರೆಲ್ಲ ನಸುಗೆಂಪು ಹೂಗಳಿಂದ ತುಂಬಿ, ನೋಡಲು ಜನ ಮುಗಿಬಿದ್ದಿದ್ದರು. ಅದು ಮಲಯಾಳದಲ್ಲಿ 'ಮುಳ್ಳನ್ ಪಾಯಲ್' ಎನ್ನುವ ಕಬೊಂಬಾ. ಅಮೆರಿಕ ಖಂಡದ ಮೂಲದ್ದು, ತೊಟ್ಟಿಗಳಲ್ಲಿ ಬೆಳೆಸುವಂಥದ್ದು. ಅದು ದಟ್ಟವಾಗಿ ಹಬ್ಬಿದಲ್ಲಿ ಕೆಳಗಿನ ಸಸ್ಯಗಳಿಗೆ ಬೆಳಕಿಲ್ಲ. ಕೊಳೆತಾಗ ಮೀನುಗಳಿಗೆ ಉಸಿರಿಲ್ಲ. ಇತ್ತ ನಮ್ಮ ಕೆರೆಗಳ ಹೈಡ್ರಿಲ್ಲಾ 1950ರ ದಶಕದಲ್ಲಿ ಅಲಂಕಾರಕ್ಕೆಂದು ಫ್ಲೋರಿಡಾಕ್ಕೆ ಹೋಗಿ ಅಲ್ಲಿನ ನೀರಿಗೆ ಪಿಡುಗಾಯಿತು. ಗಿಡದಲ್ಲಿ ದೋಷವಿಲ್ಲ, ತಂದು ಸುರಿದ ಕೈಯದು ದೋಷ.

ಹುಡುಗ ಕೇಳಿಕೊಂಡು ಸುಮ್ಮನೆ ನಿಂತ. ಮತ್ತೆ ಕುಡಿಗಳನ್ನು ಅಂಗಳದ ಬಿಸಿಲಿಗೆ ಹರಡಿದ. ಚೆನ್ನಾಗಿ ಒಣಗಿದ ಮೇಲೆ ಅವು ಶಾಲೆಯ ಬಾಳೆಯ ಬುಡಕ್ಕೆ ಗೊಬ್ಬರವಾದವು.

ಹೆತ್ತವರಲ್ಲಿ ಒಂದು ವಿನಂತಿ. ನಿಮ್ಮ ಮಕ್ಕಳು ಬಾಟಲಿಯಲ್ಲಿ ಒಂದು ಕುಡಿ ತಂದಾರು. ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಜಾಗ ಕೊಡಿ. ಬೇಡವೆನಿಸಿದ ದಿನ ಅದನ್ನು ಬಾವಿಗೆ, ತೋಡಿಗೆ, ಮದಕಕ್ಕೆ ಹಾಕಬೇಡಿ; ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ನಮ್ಮ ಸುರಂಗದ ನೀರು, ತೋಡಿನ ನೀರು ಈ ಮಕ್ಕಳ ಮಕ್ಕಳಿಗೂ ಬೇಕಾದದ್ದು.