ಪುಕ್ಕಟೆ ಊಟ

ದೊಡ್ಡಪ್ಪ ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿದ್ದವರು. ಅದೂ 1974ರ ನಂತರದ ತೀರ್ಥಹಳ್ಳಿ ಸೀಮೆಯಲ್ಲಿ. ದೇವರಾಜ ಅರಸರ ಭೂಸುಧಾರಣೆ ಬಂದು, ಗೇಣಿದಾರರೆಲ್ಲ ಫಾರಂ ನಂಬರ್ 7 ಹಿಡಿದು ಭೂನ್ಯಾಯಮಂಡಳಿ ಮುಂದೆ ನಿಂತಿದ್ದ ಕಾಲ. ಸ್ಥಳ ತನಿಖೆಗೆ ಹೋದರೆ ಒಡೆಯರ ಮನೆಯಲ್ಲಿ ಹೋಳಿಗೆ ಊಟ, ಗೇಣಿದಾರರ ಮನೆಯಲ್ಲಿ ಕೊಟ್ಟೆ ಕಡುಬು ಕಾಯುತ್ತಿದ್ದವಂತೆ. ಇವರು ಎರಡನ್ನೂ ಮುಟ್ಟದೆ, ಗದ್ದೆಯ ಅಂಚಿನಲ್ಲಿ ಕೂತು ದೊಡ್ಡಮ್ಮ ಕಟ್ಟಿಕೊಟ್ಟ ಮೊಸರನ್ನ ಉಂಡು ಬರುತ್ತಿದ್ದರು. ಎಳನೀರು ಕುಡಿದರೂ ಕಾಸು ಇಟ್ಟೇ ಏಳುವುದು. ನಮ್ಮ ಮನೆತನದ ಹೆಮ್ಮೆಯ ಕಥೆ ಇದು. ಐವತ್ತು ವರ್ಷದ ಮೇಲೆ ಈ ಹೆಮ್ಮೆ ನಮ್ಮ ಅಡುಗೆಮನೆಗೇ ಬಂದು ವಕ್ಕರಿಸುತ್ತದೆಂದು ಯಾರು ಕಂಡಿದ್ದರು?

ಮರೆವಿನ ಕಾಯಿಲೆ ದೊಡ್ಡಪ್ಪನಿಂದ ಮೊದಲು ಹೆಸರುಗಳನ್ನು ಕಿತ್ತುಕೊಂಡಿತು, ಆಮೇಲೆ ಹಸಿವನ್ನು. ತಟ್ಟೆ ಇಟ್ಟರೆ "ಈಗಷ್ಟೇ ಆಯ್ತಲ್ಲ" ಎನ್ನುತ್ತಾರೆ. ಡಾಕ್ಟರು ಮೊದಲು ಕಟ್ಟಿಸಿದ ಹಲ್ಲು ಸಡಿಲವಾಗಿದೆಯೇ, ಬಾಯಲ್ಲಿ ಹುಣ್ಣಿದೆಯೇ, ಮಲಬದ್ಧತೆ ಇದೆಯೇ ಎಂದು ನೋಡಿದರು. ನೆನಪಿಗೆಂದು ಕೊಡುವ ಡೊನೆಪೆಜಿಲ್ ಮಾತ್ರೆಯೇ ಕೆಲವರ ಹಸಿವು ಕೊಲ್ಲುತ್ತದೆ ಎಂದು ಅದರ ಪ್ರಮಾಣ ಇಳಿಸಿದರು. ಈ ಕಾಯಿಲೆಯಲ್ಲಿ ವಾಸನೆ ಹಿಡಿಯುವ ಶಕ್ತಿ ಬೇಗ ಕುಂದುತ್ತದಂತೆ. ಒಗ್ಗರಣೆಯ ಇಂಗಿನ ಘಮ ಪಕ್ಕದ ಬೀದಿಗೆ ಹೋದರೂ ದೊಡ್ಡಪ್ಪನ ಮೂಗಿಗೆ ತಲುಪುವುದಿಲ್ಲ. ಸಿಹಿ ಮಾತ್ರ ಇನ್ನೂ ನಾಲಿಗೆಗೆ ಹತ್ತುತ್ತದೆ. ಪುಣ್ಯಕ್ಕೆ ಸಕ್ಕರೆ ಕಾಯಿಲೆ ಇಲ್ಲ. ಸಾರನ್ನದ ಮೇಲೆ ಜೋನಿಬೆಲ್ಲ ಸುರಿದುಕೊಂಡಾಗ ನಾವು ಗೋಡೆ ನೋಡುತ್ತೇವೆ.

ತಟ್ಟೆಯ ಬಣ್ಣವೂ ಮುಖ್ಯವಂತೆ. ಆಹಾರದಿಂದ ಬೇರೆಯಾಗಿ ಎದ್ದು ಕಾಣುವ ಕೆಂಪು ತಟ್ಟೆಯಲ್ಲಿ ಬಡಿಸಿದರೆ ಇಂಥವರು ಹೆಚ್ಚು ಉಣ್ಣುತ್ತಾರೆಂದು ಬಾಸ್ಟನ್ನಿನ ಸಂಶೋಧಕರು 2004ರಲ್ಲಿ ಬರೆದಿದ್ದಾರೆ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಅದರ ಮೇಲೆ ಬಿಳಿ ಮಜ್ಜಿಗೆ ಬಡಿಸಿ "ಉಣ್ಣಿ, ಉಣ್ಣಿ" ಎಂದರೆ ಅವರಿಗೆ ಕಾಣುವುದಾದರೂ ಏನು? ಕೆಂಪು ತಟ್ಟೆಗೆ ಎಲ್ಲಿ ಹೋಗುವುದೆಂದು ಹಿತ್ತಿಲಿನಿಂದ ಬಾಳೆಲೆ ಕೊಯ್ದು ತಂದೆ. ಹಸಿರಿನ ಮೇಲೆ ಅನ್ನ ಕಂಡಿತು. ದೊಡ್ಡಪ್ಪ ಕೈ ಚಾಚಿದರು. ಹಾಗೇ ತಡೆದು, "ಇದೆಲ್ಲ ಯಾಕೆ? ನಿಮ್ಮದು ಯಾವ ಸರ್ವೆ ನಂಬರು?" ಎಂದರು.

ಗುಟ್ಟು ತಿಳಿದದ್ದು ಆಗ. ಹಸಿವಿಲ್ಲದ್ದು ಅರ್ಧ ಸತ್ಯ. ಉಳಿದರ್ಧ, ನಾವು ಯಾವುದೋ ಕೇಸಿನ ಪಾರ್ಟಿ, ಬಾಳೆಲೆ ಹಾಸಿ ಬಲೆಗೆ ಕೆಡವುತ್ತಿದ್ದೇವೆ ಎಂಬ ಅನುಮಾನ. ನನ್ನ ಹೆಂಡತಿ ತುಪ್ಪ ತಂದದ್ದಂತೂ ಕೇಸನ್ನು ಮತ್ತಷ್ಟು ಕೆಡಿಸಿತು.

"ಇದು ಹೋಟ್ಲು ಮಾವಾ, ದುಡ್ಡು ಕೊಟ್ಟು ಉಣ್ಣಿ" ಎಂದಳು ಅವಳು.

"ಎಷ್ಟು?"

"ಎಂಬತ್ತು ರೂಪಾಯಿ."

"ಹಗಲು ದರೋಡೆ!" ದೊಡ್ಡಪ್ಪ ಎದ್ದೇ ಬಿಟ್ಟರು. ನನಗೂ ಅದು ಸ್ವಲ್ಪ ಜಾಸ್ತಿಯೇ ಅನಿಸಿತು. ಪಲ್ಯ ಒಂದೇ ಇತ್ತು.

ದರ ಒಂದೂವರೆ ರೂಪಾಯಿಗೆ ಇಳಿಯಿತು. ಆಗ ಜೇಬು ತಡಕಿ, ಕಾಸಿಲ್ಲದ್ದು ಕಂಡು, ಮುಖ ಸಣ್ಣದು ಮಾಡಿಕೊಂಡು "ನನಗೆ ಹಸಿವಿಲ್ಲ" ಎಂದರು. ಅಲ್ಲಿಂದೀಚೆಗೆ ಬೆಳಿಗ್ಗೆ ಶರ್ಟಿನ ಜೇಬಿಗೆ ಚಿಲ್ಲರೆ ಹಾಕುತ್ತೇವೆ. ರಾತ್ರಿಯೊಳಗೆ ಅದು ಅಡುಗೆಮನೆಯ ಸಾಸಿವೆ ಡಬ್ಬಿ ಸೇರುತ್ತದೆ. ಸರ್ಕಾರ 2011ರಲ್ಲಿ ಕೈಬಿಟ್ಟ ನಾಲ್ಕಾಣೆಗೆ ನಮ್ಮ ಮನೆಯಲ್ಲಿ ಈಗಲೂ ಚಲಾವಣೆಯಿದೆ. ಮಗ ರಸೀದಿ ಹರಿದುಕೊಡುತ್ತಾನೆ. ದೊಡ್ಡಪ್ಪ ಕನ್ನಡಕ ಏರಿಸಿ, ಮೊತ್ತ ನೋಡಿ, ದಿನಾಂಕ ಹಾಕಿಲ್ಲವೆಂದು ವಾಪಸು ಕೊಡುತ್ತಾರೆ.

ಒಂಟಿಯಾಗಿ ಕೂರಿಸಿದರೆ ಈಗಲೂ ಉಣ್ಣುವುದಿಲ್ಲ. ಎದುರಿಗೆ ಯಾರಾದರೂ ಉಣ್ಣುತ್ತಿರಬೇಕು. ಅವರ ಕೈ ನೋಡಿ ಇವರ ಕೈ ಏಳುತ್ತದೆ. ಕಲಸುವುದು, ತುತ್ತು ಕಟ್ಟುವುದು ಮರೆತ ದಿನ ಅಕ್ಕಿರೊಟ್ಟಿಯ ತುಂಡನ್ನೋ ಕಡುಬನ್ನೋ ಕೈಗಿಟ್ಟರೆ ಅಂಗಳದಲ್ಲಿ ಓಡಾಡುತ್ತಲೇ ತಿನ್ನುತ್ತಾರೆ. ಹೀಗಾಗಿ ದೊಡ್ಡಪ್ಪನ ತೂಕ ಏನೋ ನಿಂತಲ್ಲೇ ನಿಂತಿದೆ. ಜೊತೆಗೆ ಕೂತು ಉಂಡವನದು ಏರಿದೆ.

ಮೊನ್ನೆ ಕಡುಬು ತಿನ್ನುತ್ತ ನನ್ನ ಊರು ಕೇಳಿದರು. ಹೇಳಿದೆ.

"ನಮ್ಮೂರೇ! ಅಲ್ಲಿ ನನ್ನ ತಮ್ಮನ ಮಗ ಒಬ್ಬ ಇದ್ದಾನೆ. ಒಳ್ಳೆ ಹುಡುಗ. ಊಟಕ್ಕೆ ಮಾತ್ರ ಮಹಾ ಹಠಮಾರಿ."

"ಮತ್ತೆ ಹೇಗೆ ಉಣ್ಣಿಸ್ತೀರಿ?"

ದೊಡ್ಡಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಸುಳ್ಳು ಹೇಳ್ಬೇಕು ಕಣಯ್ಯಾ. ಆಫೀಸಲ್ಲಿ ಒಂದು ಸುಳ್ಳು ಆಡಿದವನಲ್ಲ ನಾನು. ಆ ಪೋರನಿಗೆ ಒಂದು ತುತ್ತಿಗೆ ಒಂದು ಸುಳ್ಳು."

ಇನ್ನೊಂದು ಕಡುಬು ತೆಗೆದುಕೊಂಡು, ಇದನ್ನೂ ಬಿಲ್ಲಿಗೆ ಸೇರಿಸಲು ಹೇಳಿದರು.